ಬಂಡೆ ಮಡುವಿನ ಮೇಲೆ ಪೆಡಲ್ ತುಳಿದದ್ದು

ಬಲಗೈ ಎತ್ತಿ ತಲೆ ಬಾಚಿಕೊಳ್ಳಲು ಆಗದೆ ಹೋದ ದಿನ, ಇನ್ನು ತೆಪ್ಪ ಬಿಟ್ಟುಬಿಡಬೇಕು ಎಂದು ತೀರ್ಮಾನ ಮಾಡಿದೆ. ಬುಟ್ಟಿಯಂತೆ ದುಂಡಗಿರುವ ತೆಪ್ಪಕ್ಕೆ ಒಂದೇ ಹುಟ್ಟು. ಮುಂದಕ್ಕೆ ಬಗ್ಗಿ, ನೀರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನಮ್ಮ ಕಡೆಗೆ ಎಳೆದುಕೊಳ್ಳುತ್ತಲೇ ಇರಬೇಕು. ಒಂದು ಗಳಿಗೆ ನಿಲ್ಲಿಸಿದರೆ ಸಾಕು, ನಿಂತಲ್ಲೇ ಗಿರಗಿರನೆ ತಿರುಗುತ್ತದೆ. ಮೀನು ಹಿಡಿಯುತ್ತ ಇಪ್ಪತ್ತೆರಡು ವರ್ಷ ಹೀಗೆ ಎಳೆದು ಎಳೆದು ಭುಜದ ಕೀಲು ಸವೆದುಹೋಗಿದೆ ಎಂದು ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. "ಕಾಲು ಹೇಗಿದೆ ಸಾರ್?" ಎಂದು ಕೇಳಿದೆ. "ಕಾಲಿಗೇನಯ್ಯಾ, ಗಟ್ಟಿಮುಟ್ಟಾಗಿದೆ," ಅಂದರು. ಆ ಮಾತು ತಲೆಗೆ ಹುಳ ಬಿಟ್ಟಿತು.

ಕಾಲಿನಿಂದ ತುಳಿಯುವ ದೋಣಿ ಒಂದಿದೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ಕಯಾಕ್ ಅಂತ ಹೆಸರು. ಗಟ್ಟಿ ಪ್ಲಾಸ್ಟಿಕ್ಕಿನ ಉದ್ದನೆಯ ದೋಣಿ, ನಡುವೆ ಒರಗಿಕೊಳ್ಳುವ ಕುರ್ಚಿ, ಮುಂದೆ ಸೈಕಲ್ಲಿನದರಂತೆ ಎರಡು ಪೆಡಲು. ಕೈಗೆ ಕೆಲಸವೇ ಇಲ್ಲ. ಊಟಕ್ಕೆ ಕುಳಿತಾಗಲೂ ಅದನ್ನೇ ನೋಡುತ್ತಿದ್ದೆ. "ಆ ಫೋನೊಳಕ್ಕೇ ಬಿದ್ದೋಗಿ ಅತ್ಲಾಗೆ," ಎಂದು ಹೆಂಡತಿ ರೇಗಿದಳು.

ನಮ್ಮದು ಟಿ. ನರಸೀಪುರಕ್ಕೆ ಸ್ವಲ್ಪ ಮೇಲೆ, ಕಪಿಲೆಯ ದಂಡೆಯಲ್ಲಿರುವ ಕೇರಿ. ಕಾವೇರಿಯನ್ನು ಸೇರುವ ಮುಂಚೆ ಹೊಳೆ ಇಲ್ಲಿ ಅಲ್ಲಲ್ಲಿ ಮಡುಗಟ್ಟುತ್ತದೆ. ಬೇಸಿಗೆಯಲ್ಲೂ ಆಳ ಇಳಿಯದ ಆ ಗುಂಡಿಗಳಲ್ಲೇ ಮೀನು ನಿಲ್ಲುವುದು. ಒಂದೊಂದು ಮನೆಗೆ ಒಂದೊಂದು ಮಡು, ತಾತನ ಕಾಲದಿಂದ ಬಂದದ್ದು. ಇನ್ನೊಬ್ಬರ ಮಡುವಿನಲ್ಲಿ ಬಲೆ ಹಾಕುವಂತಿಲ್ಲ, ಮೇಲೆ ಹಾದುಹೋಗಬಹುದು. ಮೂರು ವಾರ ಒಂದೇ ಸಮ ಯಾರಾದರೂ ತಮ್ಮ ಮಡುವನ್ನು ಖಾಲಿ ಬಿಟ್ಟರೆ ಕೇರಿಯ ಯಜಮಾನರು ಅದನ್ನು ಬೇರೆ ಮನೆಗೆ ಕೊಡುತ್ತಾರೆ. ಒಮ್ಮೆ ಹೋದ ಮಡು ವಾಪಸ್ ಬಂದದ್ದನ್ನು ನಾನಂತೂ ಕಂಡಿಲ್ಲ.

ಎಲ್ಲಕ್ಕಿಂತ ಒಳ್ಳೆಯ ಮಡು ಬಂಡೆ ಮಡು. ಅದು ನಮ್ಮ ಪಕ್ಕದ ಮನೆಯ ಅಕ್ಕನದು. ಸಂಬಂಧದಲ್ಲಿ ಅಕ್ಕ ಅಲ್ಲ, ಕೇರಿಯೆಲ್ಲ ಹಾಗೇ ಕರೆಯುತ್ತದೆ. ಗಂಡ ತೀರಿಕೊಂಡಾಗ, ಹೆಂಗಸಿಗೆ ಯಾಕೆ ಮಡು ಎಂದು ನಾಲ್ಕು ಜನ ಗೊಣಗಿದ್ದರು. ತಿಥಿ ಮುಗಿದ ಮಾರನೆಯ ದಿನವೇ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ತೆಪ್ಪ ಹತ್ತಿದಳು. ಮಗಳನ್ನು ಮೈಸೂರಿನಲ್ಲಿ ನರ್ಸಿಂಗ್ ಓದಿಸುತ್ತಿರುವುದು ಆ ಮಡುವಿನ ಮೀನಿನಿಂದಲೇ.

ಕೇರಿಯಲ್ಲಿ ಡಿಗ್ರಿ ಮಾಡಿದವನು ನಾನೊಬ್ಬನೇ. ಬ್ಯಾಂಕಿನ ಕಾಗದ, ಆಸ್ಪತ್ರೆಯ ಚೀಟಿ, ತಾಲ್ಲೂಕು ಕಚೇರಿಯ ನೋಟೀಸು, ಏನೇ ಬಂದರೂ ನನ್ನ ಹತ್ತಿರ ತರುತ್ತಿದ್ದರು. ನಾನು ಓದಿ ಹೇಳಿದ್ದೇ ಹೇಳಿದ್ದು. ಇದರಿಂದ ನನಗೆ ಸ್ವಲ್ಪ ಕೊಬ್ಬೂ ಬಂದಿತ್ತು. ಸ್ವಲ್ಪ ಅಂದೆನೇ? ಚೆನ್ನಾಗಿಯೇ ಬಂದಿತ್ತು.

ಮೈಸೂರಿನ ಒಬ್ಬ ಅಂಗಡಿಯವನು ಭಾನುವಾರ ನಂಜನಗೂಡಿನಲ್ಲಿ ಎರಡು ಬಗೆಯ ಪೆಡಲ್ ಕಯಾಕ್‌ಗಳನ್ನು ಹೊಳೆಗಿಳಿಸಿ ತೋರಿಸುತ್ತಾನೆ ಎಂದು ತಿಳಿಯಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಳಗಿನ ಬಸ್ಸಿಗೆ ಹೋದೆ. ಸ್ನಾನಘಟ್ಟದಿಂದ ಕೆಳಗೆ, ಮುಡಿ ಕೊಟ್ಟು ಮುಳುಗು ಹಾಕುವವರ ಗದ್ದಲ ಕೇಳದಷ್ಟು ದೂರದಲ್ಲಿ, ಅವನ ಪಿಕಪ್ ನಿಂತಿತ್ತು. ನನ್ನ ಹಾಗೆ ನೋಡಲು ಬಂದ ಗಿರಾಕಿಗಳು ಇನ್ನೂ ನಾಲ್ಕು ಜನ. ಅಗಲ ಟೋಪಿ, ಕಪ್ಪು ಕನ್ನಡಕ, ಎಣಿಸಲಾರದಷ್ಟು ಜೇಬುಗಳ ಅಂಗಿ. ರಜಾ ದಿನ ಗಾಳ ಹಾಕಿ, ಸಿಕ್ಕ ಮೀನನ್ನು ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡು ಮತ್ತೆ ನೀರಿಗೇ ಬಿಡುವ ಜನ.

ಮೊದಲನೆಯ ದೋಣಿಗೆ ಅಡಿಯಲ್ಲಿ ಎರಡು ರಬ್ಬರ್ ರೆಕ್ಕೆ. ಪೆಡಲನ್ನು ಒಂದಾದ ಮೇಲೊಂದರಂತೆ ಒತ್ತಿದರೆ ರೆಕ್ಕೆಗಳು ಅತ್ತಿತ್ತ ಬೀಸಿ ದೋಣಿಯನ್ನು ತಳ್ಳುತ್ತವೆ. ಒಂದು ಪೆಡಲನ್ನು ಪೂರ್ತಿ ಮುಂದಕ್ಕೆ ಒತ್ತಿ ಹಿಡಿದರೆ ರೆಕ್ಕೆಗಳು ದೋಣಿಯ ತಳಕ್ಕೆ ಅಂಟಿಕೊಳ್ಳುತ್ತವೆ. ಜೊಂಡೋ ಬಳ್ಳಿಯೋ ಏನೇ ಇದ್ದರೂ ಜಾರಿ ಹಿಂದಕ್ಕೆ ಹೋಗುತ್ತದೆ. ಆದರೆ ಆ ದೋಣಿ ಹಿಂದಕ್ಕೆ ಚಲಿಸುವುದಿಲ್ಲ. ಎರಡನೆಯದಕ್ಕೆ ನೀರಿನೊಳಗೆ ಒಂದೂವರೆ ಅಡಿ ಇಳಿಯುವ ಕಂಬ, ಅದರ ತುದಿಗೆ ಎರಡು ಎಲೆಯ ಫ್ಯಾನು. ಮುಂದೆ ತುಳಿದರೆ ಮುಂದಕ್ಕೆ, ಹಿಂದೆ ತುಳಿದರೆ ಹಿಂದಕ್ಕೆ. ಎಡಗೈ ಪಕ್ಕದ ಗುಬುಟು ತಿರುವಿದರೆ ಚುಕ್ಕಾಣಿ ತಿರುಗುತ್ತದೆ. ಹನ್ನೆರಡು ಅಡಿ ಉದ್ದ, ಒಂದು ಗಜ ಅಗಲ, ಎದ್ದು ನಿಂತರೂ ಅಲ್ಲಾಡದು. ಎರಡನ್ನೂ ಹೊಳೆಯ ನಡುವಿನವರೆಗೆ ತುಳಿದು ಬಂದೆ. ಫ್ಯಾನಿನದು ನೀರನ್ನು ಸೀಳಿಕೊಂಡು ಹೋಗುವ ಗತ್ತಿಗೆ ಮರುಳಾದೆ.

ಅಂಗಡಿಯವನು ಒಳ್ಳೆಯವನು. "ನಿಮ್ ನೀರಲ್ಲಿ ಬಲೆ ಗಿಲೆ ಇರುತ್ತಾ ಸಾರ್? ಇದ್ರೆ ರೆಕ್ಕೆಯದ್ದೇ ತಗೊಳ್ಳಿ. ಫ್ಯಾನಿಗೂ ಬಲೆಗೂ ಆಗಿಬರಲ್ಲ," ಎಂದು ಬಾಯಿಬಿಟ್ಟು ಹೇಳಿದ.

ಸ್ವಲ್ಪ ಮುಂಚೆ ಟೋಪಿಯವರಲ್ಲೊಬ್ಬ, ಬಲೆ ಹಾಕುವವರಿಂದಲೇ ಹೊಳೆಯೆಲ್ಲ ಹಾಳಾಯಿತು ಎಂದು ಭಾಷಣ ಮಾಡಿ ಮುಗಿಸಿದ್ದ. ಈಗ ನಾಲ್ಕೂ ಟೋಪಿಗಳು ನನ್ನ ಕಡೆ ತಿರುಗಿದವು. "ಬಲೆ ಎಲ್ಲಿ ಬಂತು ಸಾರ್? ನಂದು ಗಾಳ ಮಾತ್ರ," ಅಂದೆ. ಅಪ್ಪ, ತಾತ, ನಾನು, ನನ್ನ ಮಕ್ಕಳು ಎಲ್ಲರೂ ಉಂಡದ್ದು ಬಲೆಯ ಅನ್ನ. ಗುರುತು ಪರಿಚಯವಿಲ್ಲದ ನಾಲ್ವರ ಮುಂದೆ ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಾಯಿತು. ಇವತ್ತು ಆ ನಾಚಿಕೆಗೇ ನಾಚಿಕೆಯಾಗುತ್ತದೆ. ಫ್ಯಾನಿನ ದೋಣಿಯನ್ನೇ ಗೊತ್ತುಮಾಡಿ ಬಂದೆ.

ಟೆಂಪೋದಲ್ಲಿ ದೋಣಿ ಬಂದ ದಿನ ಇಡೀ ಕೇರಿ ಹೊಳೆಯ ಸೋಪಾನದ ಮೆಟ್ಟಿಲುಗಳ ಮೇಲೆ ಜಮಾಯಿಸಿತು. ಸೈಕಲ್ ದೋಣಿ ಎಂದು ಅಲ್ಲೇ ಹೆಸರೂ ಇಟ್ಟರು. ಯಜಮಾನರು ಕೇರಿಯ ತೆಪ್ಪಗಳನ್ನೆಲ್ಲ ಹೆಣೆದುಕೊಡುವವರು. ಅವರು ದೋಣಿಯ ಸುತ್ತ ಎರಡು ಸುತ್ತು ಬಂದು, ಬಗ್ಗಿ ಅಡಿ ನೋಡಿದರು.

"ಇದೇನ್ಲಾ ಇದು, ಫ್ಯಾನು? ಬಲೆಗೆ ಸಿಕ್ಕಾಕಂಡ್ರೆ ಏನ್ಲಾ ಮಾಡೀಯೆ?"

"ಟೇಬಲ್ ಫ್ಯಾನು ಅಂದ್ಕೊಂಡ್ರಾ ಯಜಮಾನ್ರೇ? ಇಂಜಿನಿಯರುಗಳು ಯೋಚ್ನೆ ಮಾಡ್ದೆ ಮಾಡಿರ್ತಾರಾ?" ಅಂದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಅಕ್ಕ ಮನೆಯಿಂದ ಅರಿಸಿನ ಕುಂಕುಮ ತಂದು ದೋಣಿಯ ಮೂತಿಗೆ ಹಚ್ಚಿದಳು. "ಚೆಂದಾಗದೆ ಕಣೋ. ನಿನ್ ಭುಜ ಒಂದು ವಾಸಿಯಾಯ್ತದಲ್ಲ, ಸಾಕು ಬುಡು," ಅಂದಳು.

ಸಂಜೆ ಐದರ ಹೊತ್ತು. ಸಂಕ್ರಾಂತಿ ಕಳೆದು ಹೊಳೆ ಇಳಿದಿತ್ತು, ನೀರು ತಿಳಿಯಾಗಿತ್ತು. ಸೋಪಾನದ ಮುಂದೆ ಮೂರು ಸುತ್ತು ಹೊಡೆದೆ, ಹಿಂದಕ್ಕೂ ಬಿಟ್ಟು ತೋರಿಸಿದೆ, ಚಪ್ಪಾಳೆ ಗಿಟ್ಟಿಸಿದೆ. ಆಮೇಲೆ ಒಂದು ಗಾಳ ಜೊತೆಗಿಟ್ಟುಕೊಂಡು ಹೊಳೆಯ ತಿರುವು ದಾಟಿ ಮೇಲಕ್ಕೆ ತುಳಿದೆ. ಬಂಡೆ ಮಡುವಿನಲ್ಲಿ ಅಕ್ಕ ಬಲೆ ಇಳಿಬಿಟ್ಟು ಬಂದಿರುತ್ತಾಳೆ ಎಂದು ಗೊತ್ತಿತ್ತು. ಗೊತ್ತಿದ್ದೂ ಹೋದೆ. ತೆಪ್ಪ ನೀರಿನೊಳಕ್ಕೆ ಇಳಿಯುವುದು ನಾಲ್ಕು ಬೆರಳು. ಅವರಿವರ ಬಲೆಯ ಮೇಲೆ ತೇಲಿಕೊಂಡು ಹೋಗುವುದು ನಮಗೆ ಉಸಿರಾಡಿದಷ್ಟು ರೂಢಿ. ಅದಕ್ಕೇ ನಮ್ಮಲ್ಲಿ ಬಲೆ ಇರುವ ಜಾಗ ತೋರಿಸಲು ತೇಲುವ ದೊಡ್ಡ ಬೆಂಡನ್ನೂ ಕಟ್ಟುವುದಿಲ್ಲ, ಕಟ್ಟಿದರೆ ಕಳ್ಳರ ಕಣ್ಣಿಗೂ ಬೀಳುತ್ತದೆ. ಹಳೆಯ ಹವಾಯಿ ಚಪ್ಪಲಿಯನ್ನು ರೂಪಾಯಿಯಗಲ ಕತ್ತರಿಸಿ, ಬಲೆಯನ್ನು ನೇತುಹಾಕುವ ಮೇಲುಹಗ್ಗಕ್ಕೆ ಪೋಣಿಸುತ್ತೇವೆ. ಹತ್ತಿರ ಹೋಗುವ ತನಕ ಕಾಣುವುದಿಲ್ಲ. ಇಪ್ಪತ್ತೆರಡು ವರ್ಷ ಹೋದ ಹಾಗೇ ನಾನು ಹೋದೆ. ಅಡಿಯಲ್ಲಿ ಒಂದೂವರೆ ಅಡಿ ಕಬ್ಬಿಣ ಇಳಿದಿದೆ ಎಂಬುದನ್ನು ಮೈ ಮರೆತಿತ್ತು.

ಪೆಡಲು ಇದ್ದಕ್ಕಿದ್ದಂತೆ ಬಿಗಿಯಾಯಿತು. ಜೊಂಡು ಇರಬೇಕೆಂದು ಜೋರಾಗಿ ತುಳಿದೆ. ಇನ್ನೂ ಬಿಗಿಯಿತು. ಹಿಂದಕ್ಕೆ ತುಳಿದೆ. ಅದು ಎರಡನೆಯ ತಪ್ಪು, ಮುಂದಕ್ಕೆ ಸುತ್ತಿದ್ದರ ಮೇಲೆ ಹಿಂದಕ್ಕೂ ಸುತ್ತಿತು. ಚಿಲಕ ಬಿಚ್ಚಿ ಕಂಬವನ್ನು ಮೇಲಕ್ಕೆಳೆದರೆ ಅರ್ಧಕ್ಕೇ ನಿಂತಿತು. ಬಗ್ಗಿ ನೋಡಿದೆ. ನೀಲಿ ಚಪ್ಪಲಿಯ ಚೂರುಗಳು, ಫ್ಯಾನಿನ ಬುಡಕ್ಕೆ ಹುರಿಗಟ್ಟಿದ ನೈಲಾನ್ ದಾರ, ಅದರೊಳಗೆ ಬಾಯಿ ಕಳೆಯುತ್ತಿರುವ ಒಂದು ಕಾಟ್ಲಾ ಮೀನು.

ಇಂಥದ್ದಕ್ಕೆ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಯಾರ ಬಲೆಗಾದರೂ ನಮ್ಮಿಂದ ಏಟು ಬಿದ್ದರೆ, ಹೆಗಲ ಮೇಲಿನ ಟವೆಲಿನಿಂದ ಒಂದು ಚೂರು ಹರಿದು ಆ ಬಲೆಗೆ ಕಟ್ಟಿ ಬರಬೇಕು. ಬಲೆಯವರು ಟವೆಲಿನ ಗುರುತು ಹಿಡಿದು ಬಂದು ಕೇಳುತ್ತಾರೆ. ಇಬ್ಬರೂ ಜಗಲಿಯ ಮೇಲೆ ಕುಳಿತು ಹರಿದದ್ದನ್ನು ಹೆಣೆಯುತ್ತಾರೆ. ಬೈಗುಳವಿಲ್ಲ, ದಂಡವಿಲ್ಲ. ನಾನೇ ಎಷ್ಟೋ ಸಲ ಕಟ್ಟಿದ್ದೇನೆ, ಎಷ್ಟೋ ಟವೆಲು ಗುರುತು ಹಿಡಿದು ಹೋಗಿದ್ದೇನೆ. ಆ ಸಂಜೆಯೂ ಹೆಗಲ ಮೇಲೆ ಟವೆಲಿತ್ತು.

ತಿರುವಿನ ಆಚೆಯಿಂದ ಕೂಗು ಕೇಳಿಸಿತು. "ಎಲ್ಲೋಯ್ತ್ಲಾ ಸೈಕಲ್ಲು? ಪಂಚರ್ರಾ?" ಜೊತೆಗೆ ನಗು. ಸಿಕ್ಕು ಬಿಡಿಸಲು ಗಂಟೆ ಹಿಡಿಯುತ್ತಿತ್ತು. ಅಷ್ಟರಲ್ಲಿ ಯಾರಾದರೂ ತೆಪ್ಪ ಹಾಕಿಕೊಂಡು ನೋಡಲು ಬರುತ್ತಿದ್ದರು, ಯಜಮಾನರೂ ಬರುತ್ತಿದ್ದರು. ನಾನು ಚಾಕು ತೆಗೆದೆ. ದಾರ ಕೊಯ್ದೆ, ಮೇಲುಹಗ್ಗವನ್ನೂ ಕೊಯ್ದೆ. ಮೇಲುಹಗ್ಗ ಕೊಯ್ದರೆ ಬಲೆಯ ಜೀವ ಹೋದಂತೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಬಲೆ ಎರಡಾಗಿ, ದೊಡ್ಡ ಭಾಗ ಹರಿವಿಗೆ ಸಿಕ್ಕಿ ಜೊಂಡಿನ ಕಡೆ ಹೋಯಿತು. ದಾರದ ಮುದ್ದೆಯನ್ನು ದೋಣಿಯ ಮೂತಿಯಲ್ಲಿರುವ ಡಬ್ಬಿಯೊಳಗೆ ತುರುಕಿ ಮುಚ್ಚಳ ಹಾಕಿದೆ. ಮೀನನ್ನು ಬಿಡಬಹುದಿತ್ತು, ಬಿಡಲಿಲ್ಲ. ಅದನ್ನು ಎತ್ತಿ ಹಿಡಿದುಕೊಂಡು ಸೋಪಾನಕ್ಕೆ ಬಂದೆ.

"ಎಲ್ ಸಿಕ್ತೋ?" ಎಂದಳು ಅಕ್ಕ, ಖುಷಿಯಿಂದ.

"ತಿರುವಿನ ಹತ್ರ, ಗಾಳಕ್ಕೆ."

ಅವತ್ತು ಹೆಂಡತಿ ಸಾರು ಮಾಡಿ, ಪದ್ಧತಿಯಂತೆ ಪಕ್ಕದ ಮನೆಗೂ ಒಂದು ಬಟ್ಟಲು ಕೊಟ್ಟು ಬಂದಳು. ನಾನು ಬೇಡ ಅನ್ನಲಿಲ್ಲ. ಏನೆಂದು ಬೇಡ ಅನ್ನಲಿ?

ಬೆಳಿಗ್ಗೆ ಅಕ್ಕ ತೆಪ್ಪದಲ್ಲಿ ಹರಿದ ಬಲೆ ಮುದ್ದೆ ಮಾಡಿಕೊಂಡು ಬಂದಳು. ಇಪ್ಪತ್ತೈದು ಮಾರು ಬಲೆ. ಹುಡುಕಿ ತೆಗೆದದ್ದು ಎಂಟು ಮಾರು, ಅದೂ ಚಿಂದಿ. ಮೆಟ್ಟಿಲ ಮೇಲೆ ಹರವಿದಳು. ಎಲ್ಲರೂ ಸುತ್ತ ನೆರೆದರು. ಯಾರೂ ಏನೂ ಅನ್ನುವ ಮೊದಲೇ ನಾನು ಬಾಯಿಬಿಟ್ಟೆ.

"ನೀರುನಾಯಿ ಕಣಕ್ಕ."

ಯಜಮಾನರು ಹಗ್ಗದ ತುದಿಯನ್ನು ಬೆರಳಲ್ಲಿ ಹೊಸೆದು ನೋಡಿದರು. "ನೀರ್ನಾಯಿ ಬಲೆ ಅರ್ದು ಮೀನ್ ಕಿತ್ಕಂಡು ಓಯ್ತದೆ. ಮೇಲಗ್ಗ ಯಾಕ್ಲಾ ಕಡ್ದಾತು?"

ನನ್ನ ನಾಲಿಗೆ ತಾನೇ ಓಡಿತು. ಇದು ಮರಿ ಹಾಕುವ ಕಾಲ, ಮರಿ ಇದ್ದರೆ ಸಿಕ್ಕಿದ್ದೆಲ್ಲ ಕಡಿಯುತ್ತವೆ, ಒಂದು ಸಲ ರುಚಿ ಹತ್ತಿದ ಮಡುವನ್ನು ಅವು ಬಿಡುವುದಿಲ್ಲ, ಮತ್ತೆ ಮತ್ತೆ ಬರುತ್ತವೆ, ಪುಸ್ತಕದಲ್ಲಿ ಓದಿದ್ದೇನೆ ಎಂದೆಲ್ಲ ಒದರಿದೆ. ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಯಜಮಾನರು ಇನ್ನೇನೋ ಕೇಳುವವರಿದ್ದರು. ಅಕ್ಕನೇ ತಡೆದಳು.

"ಓದಿರೋನು ಯೇಳ್ತಾವ್ನೆ, ಬುಡಿ ಯಜಮಾನ್ರೇ. ಅವ್ನಿಗಿಂತ ನಮಗೇನ್ ಗೊತ್ತು?"

ಅವಳು ಅದನ್ನು ನಂಬಿದಳು. ಮಡುವಿಗೆ ಬಲೆ ಹಾಕುವುದನ್ನು ನಿಲ್ಲಿಸಿದಳು. ಉಳಿದಿದ್ದ ಒಂದು ಹಳೆಯ ಬಲೆಯನ್ನೂ ನೀರುನಾಯಿಯ ಬಾಯಿಗೆ ಕೊಡಲು ಧೈರ್ಯವಿಲ್ಲದೆ, ಜೊಂಡು ಬೆಳೆದ ತೆಳು ನೀರಿನಲ್ಲಿ ಹಾಕತೊಡಗಿದಳು. ಬೆರಳುದ್ದದ ಜಿಲೇಬಿ ಮೀನು ಬಿಟ್ಟರೆ ಅಲ್ಲಿ ಏನೂ ಬೀಳುವುದಿಲ್ಲ. ದಿನಾ ಬೆಳಿಗ್ಗೆ ಬಂಡೆಯ ಕಡೆ ತಿರುಗಿ, "ನಿನ್ ವಂಸ ಆಳಾಗೋಗ, ನಿನ್ ಅಲ್ಲು ಉದ್ರೋಗ," ಎಂದು ನೀರುನಾಯಿಗೆ ಶಾಪ ಹಾಕುತ್ತಿದ್ದಳು. ಜನ ನಗುತ್ತಿದ್ದರು. ನಾನೂ ನಗುವಂತೆ ನಟಿಸುತ್ತಿದ್ದೆ. ನನ್ನ ಹಲ್ಲನ್ನು ನಾನೇ ನಾಲಿಗೆಯಿಂದ ಮುಟ್ಟಿ ನೋಡಿಕೊಂಡ ದಿನವೂ ಉಂಟು.

ಆ ದಿನಗಳಲ್ಲಿ ನಾನು ದೋಣಿಯ ಹಿಂದೆ ಬಿದ್ದೆ. ಮಾಡಿದ ತಪ್ಪನ್ನು ಯಂತ್ರದಲ್ಲಿ ಸರಿಪಡಿಸಿಬಿಟ್ಟರೆ ಆಯಿತು ಎಂಬ ಭ್ರಮೆ. ಕಂಬದ ಚಿಲಕಕ್ಕೆ ಹಗ್ಗ ಕಟ್ಟಿ, ಕುಳಿತಲ್ಲಿಂದಲೇ ಒಂದು ಎಳೆತಕ್ಕೆ ಫ್ಯಾನು ಮೇಲೆ ಬರುವ ಹಾಗೆ ಮಾಡಿದೆ. ನರಸೀಪುರದ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸರಳು ಬಗ್ಗಿಸಿ ಫ್ಯಾನಿಗೆ ಪಂಜರ ಹಾಕಿಸಿದೆ. ಮೊದಲನೆಯ ಪಂಜರ ಭಾರವಾಗಿ ದೋಣಿ ಮೂಗು ತಗ್ಗಿಸಿತು. ಎರಡನೆಯದು ತೆಳುವಾಯಿತು, ವೇಗವಾಗಿ ತುಳಿದರೆ ಗಡಗಡ ನಡುಗುತ್ತಿತ್ತು. ಮೂರನೆಯದರಲ್ಲಿ ಮುಂದುಗಡೆ ಮಾತ್ರ ಓರೆಯಾದ ಒಂದೇ ಸರಳು ಬಿಟ್ಟೆವು, ಬಲೆ ತಾಗಿದರೆ ಕೆಳಕ್ಕೆ ಜಾರಿಹೋಗುವಂತೆ. ನನ್ನದೇ ಹಳೆಯ ಬಲೆ ಕಟ್ಟಿ ಅದರ ಮೇಲೆ ಹತ್ತು ಸಲ ಹಾಯ್ದು ನೋಡಿದೆ. ಎಂಟು ಸಲ ಪಾರಾಯಿತು, ಎರಡು ಸಲ ಸಿಕ್ಕಿಕೊಂಡಿತು. ವೆಲ್ಡಿಂಗಿನವನಿಗೆ ಇಷ್ಟೆಲ್ಲ ಯಾಕೆ ಎಂದು ಅರ್ಥವೇ ಆಗಲಿಲ್ಲ.

ಒಂದು ಮಧ್ಯಾಹ್ನ ಹೆಂಡತಿ ದೋಣಿ ತೊಳೆಯುತ್ತ ಮೂತಿಯ ಡಬ್ಬಿ ತೆಗೆದಳು. ನಾನು ಉಣ್ಣಲು ಕುಳಿತಿದ್ದೆ. ದಾರದ ಮುದ್ದೆಯನ್ನು ತಂದು ತಟ್ಟೆಯ ಪಕ್ಕದಲ್ಲಿಟ್ಟಳು. ನೀಲಿ ಚಪ್ಪಲಿಯ ಚೂರು ಅದರಲ್ಲಿ ಹಾಗೇ ಸಿಕ್ಕಿಕೊಂಡಿತ್ತು.

"ಏನಿದು?"

"ಹಳೇ ದಾರ."

"ಅಕ್ಕನ್ ಬಲೇದು. ಆವತ್ತಿನ್ ಮೀನೂ ಅವಳ್ದೇಯಾ?" ನಾನು ಅನ್ನ ಕಲೆಸತೊಡಗಿದೆ. "ಅವಳ ಮೀನಿನ್ ಸಾರ್ನ ಅವಳ್ಗೇ ಕೊಟ್ಟು, ಉಪ್ಪು ಸರಿಯಾಗದಾ ಅಂತ ಬೇರೆ ಕೇಳ್ ಬಂದ್ನಲ್ರೀ!"

ನನಗೆ ಸಿಟ್ಟು ಬಂತು. ತಪ್ಪು ಮಾಡಿದವನಿಗೆ ಬರುವ ಸಿಟ್ಟು ದೊಡ್ಡದು. ತಟ್ಟೆ ತಳ್ಳಿ, ನಿನ್ನ ಕೆಲಸ ನೋಡಿಕೋ ಎಂದು ಕಿರುಚಿದೆ. ಅವಳು ತಿರುಗಿ ಕಿರುಚಲಿಲ್ಲ. ಅವತ್ತಿನಿಂದ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಮೂರು ವಾರ ತುಂಬಲು ಎರಡು ದಿನ ಇರುವಾಗ ಅಕ್ಕನೇ ನಮ್ಮ ಜಗಲಿಗೆ ಬಂದು ಕುಳಿತಳು. ಸೊರಗಿದ್ದಳು. "ನಾಳಿದ್ದು ಮಡು ಬುಡ್ಬೇಕಾಯ್ತದೆ ಕಣೋ. ಗೊಣಗ್ತಿದ್ದೋರ್ ಕೈಗೆ ಓಗೋದ್ಕಿಂತ ನಿನ್ಗೇ ಓಗ್ಲಿ. ನಿನ್ ದೋಣಿ ಸಬ್ದಕ್ಕೆ ಆ ನೀರ್ನಾಯೂ ಎದ್ರಾತು. ನಾನೇ ಯಜಮಾನ್ರಿಗೆ ಯೇಳ್ತೀನಿ," ಅಂದಳು. ಮಗಳ ವಿಷಯ ಕೇಳಿದೆ. "ನರ್ಸಿಂಗು ಬುಟ್ಟು ಬಂದು ಗಾರ್ಮೆಂಟ್ಸಿಗೆ ಓಯ್ತೀನಿ ಅಂತಾವ್ಳೆ. ನೋಡುಮಾ."

ಬೇಡ ಅಕ್ಕ, ಎಂದು ಹೇಳಿದೆನೇ? ಇಲ್ಲ. ಕೇಳಿ, ಎಂಥವನು ನಾನು ಎಂದು. ಅರೆಕ್ಷಣ ನನ್ನ ಮನಸ್ಸು ಬಂಡೆ ಮಡುವಿನಲ್ಲಿ ಎಷ್ಟು ಮಾರು ಬಲೆ ಬೇಕಾದೀತು ಎಂದು ಅಳೆಯಿತು. ಅದನ್ನು ಬರೆಯದೆ ಬಿಡಬಹುದಿತ್ತು, ಬಿಟ್ಟರೆ ಈ ಬರಹವೂ ಇನ್ನೊಂದು ಸುಳ್ಳಾಗುತ್ತದೆ. ಒಳಗಿನಿಂದ ಹೆಂಡತಿ ಬಾಗಿಲವರೆಗೆ ಬಂದು ನನ್ನ ಮುಖ ನೋಡಿ ಒಳಗೆ ಹೋದಳು. ನಾನು, "ನೋಡೋಣ," ಅಂದೆ.

ಮೂರನೆಯ ದಿನ ಬೆಳಿಗ್ಗೆ ಮೀನು ತೂಗಿ ಮುಗಿದ ಮೇಲೆ ಯಜಮಾನರು ಎಲ್ಲರನ್ನೂ ಕೂರಿಸಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. "ಬಂಡೆ ಮಡು ಮೂರ್ ವಾರದಿಂದ ಕಾಲಿ ಬಿದ್ದದೆ. ಯಾರ್ಗೆ ಕೊಡ್ಬೇಕು ಅಂತ ಅವಳೇ ಯೇಳ್ತಾಳೆ," ಅಂದರು. ಅಕ್ಕ ಎದ್ದು ನಿಂತು ನನ್ನ ಕಡೆ ಕೈ ತೋರಿಸಿದಳು. "ಇವ್ನಿಗೆ ಕೊಡಿ. ಇವತ್ತಿನ್ ಗಂಟ ಸುಳ್ ಯೇಳ್ದೆ ನನ್ ಕಷ್ಟುಕ್ಕೆ ಆಗಿರೋನು ಇವ್ನೊಬ್ನೇಯ," ಅಂದಳು.

ಅವಳು ಬೇರೆ ಏನೇ ಅಂದಿದ್ದರೂ ನಾನು ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ಎದ್ದು ನಿಂತೆ.

"ನೀರುನಾಯಿ ಅಲ್ಲ. ನಾನು. ದೋಣಿ ಬಂದ ದಿನ ಫ್ಯಾನಿಗೆ ಬಲೆ ಸಿಕ್ಕಿತ್ತು. ನಾನೇ ಕೊಯ್ದೆ."

ಯಾರಾದರೂ ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ಹಗುರವಾಗುತ್ತಿತ್ತು. ಅಕ್ಕ ಹತ್ತಿರ ಬಂದಳು.

"ಮೇಲಗ್ಗಾನೂ ನೀನೇ ಕೂಯ್ದ್ಯಾ?"

"ಹೂಂ."

"ಬಲೇಲಿ ಮೀನಿತ್ತಾ?"

"ಒಂದು ಕಾಟ್ಲಾ ಇತ್ತು."

ಲೆಕ್ಕ ಹೊಂದಿದ್ದು ಅವಳ ಮುಖದಲ್ಲಿ ಕಂಡಿತು. ಸೆರಗಿನಿಂದ ಬಾಯಿ ಒರೆಸಿಕೊಂಡಳು, ಆ ಸಾರನ್ನು ಆಗ ತಾನೇ ಉಂಡವಳ ಹಾಗೆ. ನನಗೆ ಅಲ್ಲೇ ನೀರಿಗೆ ಬಿದ್ದುಬಿಡೋಣ ಅನ್ನಿಸಿತು.

"ಟವಲ್ ಕಟ್ಬುಟ್ಟು ಬಂದಿದ್ರೆ ನಾನೇನ್ಲಾ ಅಂತಿದ್ದೆ?" ಎಂದಳು. ಯಾವಾಗಲೂ ಕಣೋ ಅನ್ನುತ್ತಿದ್ದವಳು ಅಲ್ಲಿಯತನಕ ನನ್ನನ್ನು ಲಾ ಅಂದಿರಲಿಲ್ಲ.

ಯಜಮಾನರು ತೀರ್ಪು ಹೇಳಿದರು. ಮಡು ಅಕ್ಕನದೇ; ಖಾಲಿ ಬಿದ್ದ ದಿನಗಳು ಅವಳ ಲೆಕ್ಕಕ್ಕಿಲ್ಲ. ಕಳೆದದ್ದಕ್ಕೆ ಬದಲು ನಾನು ಹೊಸ ಬಲೆ ಕೊಡಬೇಕು, ಅದನ್ನು ನನ್ನ ಕೈಯಲ್ಲೇ ಪೋಣಿಸಿ ಕೊಡಬೇಕು. ನಾಲ್ಕು ದಿನ ಜಗಲಿಯ ಮೇಲೆ ಒಬ್ಬನೇ ಕುಳಿತು ಪೋಣಿಸಿದೆ. ಸಾಮಾನ್ಯವಾಗಿ ಬಲೆ ಹೆಣೆಯುವಾಗ ಇಬ್ಬರು ಕೂರುತ್ತಾರೆ. ಹೆಂಡತಿ ಎರಡನೆಯ ದಿನ ಬಂದು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡಳು. ಬಲೆಯನ್ನು ಪಕ್ಕದ ಮನೆ ಬಾಗಿಲಿಗೆ ಒಯ್ದಾಗ ಅಕ್ಕ ಗಂಟುಗಳನ್ನೆಲ್ಲ ಒಂದೊಂದಾಗಿ ಎಳೆದು ನೋಡಿ ತೆಗೆದುಕೊಂಡಳು.

ಅಂಗಡಿಯವನಿಗೆ ಫೋನು ಮಾಡಿ, "ನಾನು ಗಾಳದವನಲ್ಲ ಸಾರ್, ಬಲೆಯವನು. ಅವತ್ತು ಸುಳ್ಳು ಹೇಳಿದ್ದೆ," ಅಂದೆ. ಅವನು, "ನಾನು ಕೇಳಿದ್ದೇ ಅದಕ್ಕಲ್ವಾ?" ಎಂದ. ಆದರೂ ದೋಣಿ ವಾಪಸ್ ತೆಗೆದುಕೊಂಡು ರೆಕ್ಕೆಯ ದೋಣಿ ಕಳಿಸಿದ. ಅದು ಹಿಂದಕ್ಕೆ ಹೋಗುವುದಿಲ್ಲ. ತಿರುಗಿಸಿಕೊಂಡು ಬರಲು ದೊಡ್ಡ ಸುತ್ತು ಹಾಕಬೇಕು. ಬಲೆ ಹತ್ತಿರವಾದರೆ ಒಂದು ಪೆಡಲನ್ನು ಮುಂದೊತ್ತಿ ಹಿಡಿಯುತ್ತೇನೆ, ರೆಕ್ಕೆ ತಳಕ್ಕೆ ಅಂಟುತ್ತದೆ, ದೋಣಿ ತೆಪ್ಪದಂತೆಯೇ ತೇಲಿ ದಾಟುತ್ತದೆ. ಬಲೆ ಬಿಡುವಾಗಲೂ ಎತ್ತುವಾಗಲೂ ಎರಡೂ ಕೈ ಖಾಲಿ. ಭುಜದ ನೋವು ಅರ್ಧಕ್ಕರ್ಧ ಇಳಿದಿದೆ. ಕೆಲಸದ ಮಟ್ಟಿಗೆ ಹೇಳುವುದಾದರೆ, ನಮ್ಮ ಹೊಳೆಗೆ ಅದಕ್ಕಿಂತ ಒಳ್ಳೆಯ ದೋಣಿ ಇಲ್ಲ. ಬಂಡೆ ಮಡುವಿನ ಮೇಲೆ ಮಾತ್ರ ನಾನು ಹೋಗುವುದಿಲ್ಲ. ಬರಬೇಡ ಎಂದು ಯಾರೂ ಹೇಳಿಲ್ಲ.

ಕಳೆದ ವಾರ ಬೆಳಿಗ್ಗೆ ಸೋಪಾನದ ಮೇಲೆ ದೋಣಿ ಒರೆಸುತ್ತಿದ್ದೆ. ಎರಡು ಮೆಟ್ಟಿಲು ಮೇಲೆ ಅಕ್ಕ ಯಜಮಾನರ ಪಕ್ಕದಲ್ಲಿ ಕುಳಿತಿದ್ದಳು. ಮಗಳ ಕಾಲೇಜಿನಿಂದ ಒಂದು ಕಾಗದ ಬಂದಿತ್ತು. ಯಜಮಾನರು ಕನ್ನಡಕ ಏರಿಸಿಕೊಂಡು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರು. ನಡುವೆ ಒಂದು ಸಾಲು ಬಿಟ್ಟುಹೋಯಿತು. ಪರೀಕ್ಷೆ ಮುಂದಿನ ತಿಂಗಳು ಎಂದು ಓದಿದರು; ಅದಕ್ಕೆ ಮುಂಚೆ ಸೋಮವಾರದೊಳಗೆ ತಾಯಿ ಬಂದು ಸಹಿ ಹಾಕಬೇಕು ಎಂಬುದನ್ನು ಓದಲಿಲ್ಲ. ಕಾಗದ ಯಜಮಾನರ ತೊಡೆಯ ಮೇಲೆ, ನನ್ನ ಕಣ್ಣಿನ ನೇರಕ್ಕೇ ಇತ್ತು. ಸುಮ್ಮನಿರಲು ಆಗಲಿಲ್ಲ.

"ಅಕ್ಕ, ಸೋಮವಾರದೊಳಗೆ ನೀನು ಹೋಗಿ ಸಹಿ ಹಾಕ್ಬೇಕಂತೆ."

ಅವಳು ನನ್ನ ಕಡೆ ತಿರುಗಲಿಲ್ಲ. ಕಾಗದವನ್ನು ಯಜಮಾನರ ಮುಖದ ಹತ್ತಿರಕ್ಕೆ ಸರಿಸಿದಳು.

"ಅಂಗಂತ ಬರ್ದದಾ, ಸರ್ಯಾಗ್ ನೋಡಿ ಯಜಮಾನ್ರೇ," ಅಂದಳು.

ಯಜಮಾನರು ಮೊದಲಿನಿಂದ ಮತ್ತೆ ಬೆರಳಿಟ್ಟು ಓದತೊಡಗಿದರು. ಅವರ ಬೆರಳು ಆ ಸಾಲಿಗೆ ಬರುವ ತನಕ ನಾನೂ ಅವಳ ಜೊತೆ ಕಾದೆ.